ಒಳಗಿನ ಕಾರ್ಡು

ರಕ್ತಪರೀಕ್ಷೆಯ ಆ ಲ್ಯಾಬಿನಲ್ಲಿ ಕಂಪ್ಯೂಟರ್ ಕೆಲಸಕ್ಕೆ ಇದ್ದವರು ಇಬ್ಬರೇ, ಒಬ್ಬ ಮಾವ, ಒಬ್ಬಳು ಸೊಸೆ. ಸೊಸೆ ಎಂದರೆ ಮಗನ ಹೆಂಡತಿಯಲ್ಲ, ಅಕ್ಕನ ಮಗಳು. ಲ್ಯಾಬಿನವರಿಗೆ ಈ ನಂಟಸ್ತಿಕೆಯ ಲೆಕ್ಕಾಚಾರ ಬೇಕಿರಲಿಲ್ಲ. ಅವರು ಮಾವನನ್ನು ದೊಡ್ಡ ಕಂಪ್ಯೂಟರ್ ಎಂದೂ ಸೊಸೆಯನ್ನು ಚಿಕ್ಕ ಕಂಪ್ಯೂಟರ್ ಎಂದೂ ಕರೆದು ಸುಮ್ಮನಾಗಿದ್ದರು. ಮೇಲಿನ ಮಹಡಿಯ ಮೂಲೆಯ ಕೋಣೆಯಲ್ಲಿ ಇಬ್ಬರ ಮೇಜುಗಳು ಎದುರುಬದುರಾಗಿದ್ದವು, ಒಬ್ಬರ ಪರದೆ ಇನ್ನೊಬ್ಬರಿಗೆ ಕಾಣದ ಹಾಗೆ. ಲ್ಯಾಬು ಕೆಳಗೆ, ಅದರ ಪಕ್ಕದ ಬೀಗ ಹಾಕಿದ ಸಣ್ಣ ಕೋಣೆಯಲ್ಲಿ ಸರ್ವರ್.

ಸರ್ವರಿಗೆ ಎರಡು ನೆಟ್‌ವರ್ಕ್ ಕಾರ್ಡು. ಒಂದು ಹೊರಗಿನದು, ಆಫೀಸಿನ ಕಡೆಗೆ. ಇನ್ನೊಂದು ಒಳಗಿನದು, ಲ್ಯಾಬಿನ ಯಂತ್ರಗಳ ಕಡೆಗೆ. ರಕ್ತಕಣ ಎಣಿಸುವ ಯಂತ್ರವಿರಲಿ, ಸಕ್ಕರೆ ನೋಡುವ ಯಂತ್ರವಿರಲಿ, ಕಂಡದ್ದನ್ನೆಲ್ಲ ಈ ಒಳಗಿನ ಕಾರ್ಡಿನ ಮೂಲಕವೇ ಸರ್ವರಿಗೆ ಒಪ್ಪಿಸಬೇಕು. ಆ ಕಾರ್ಡು ಮಲಗಿತೆಂದರೆ ಯಂತ್ರಗಳು ಮೂಕವಾಗುತ್ತವೆ, ವರದಿಗಳು ನಿಲ್ಲುತ್ತವೆ, ಕೆಳಗೆ ಕಿಟಕಿಯ ಮುಂದೆ ಕಾದು ನಿಂತ ರೋಗಿಗಳ ಕಡೆಯವರು ದನಿ ಏರಿಸುತ್ತಾರೆ.

ಹಾಗೆ ಅದು ಮೊದಲ ಸಲ ಮಲಗಿದ್ದು ಒಂದು ಮಧ್ಯಾಹ್ನ. ಆಗ ಮಾವ ಜಾಗದಲ್ಲಿರಲಿಲ್ಲ, ಹಿಂದಿನ ಕೋಣೆಗೆ ಅಜ್ಜಿಯನ್ನು ಎಬ್ಬಿಸಲು ಹೋಗಿದ್ದ. ಅಜ್ಜಿ ಎಂದರೆ ಒಂದು ಹಳೆಯ ಯಂತ್ರ. ಕೆಳಗಿನವು ಕೆಟ್ಟರೆ ಕೈಗಾಗಲಿ ಎಂದು ಅದನ್ನು ಮೇಲೆ ಇಟ್ಟುಕೊಂಡಿದ್ದರು. ಅದಕ್ಕೆ ಅದರದ್ದೇ ಒಂದು ಪುಟ್ಟ ಕಂಪ್ಯೂಟರ್. ಊಟದ ಹೊತ್ತಿಗೆ ತೂಕಡಿಸಿ ಮಲಗುವ ಅಜ್ಜಿ, ಪುಟ್ಟ ಕಂಪ್ಯೂಟರಿನಲ್ಲಿ ಅವಳ ಕಡೆಗಿರುವ ನೆಟ್‌ವರ್ಕ್ ಕಾರ್ಡನ್ನು ಮೇಜಿನಿಂದಲೇ ಒಮ್ಮೆ ಆಜ್ಞೆ ಕೊಟ್ಟು ಕೆಡವಿ, ಹಿಂದಿನ ಕೋಣೆಗೆ ಹೋಗಿ ಅವಳ ಹೊಟ್ಟೆಯ ಮೇಲಿನ ಗುಂಡಿ ಒತ್ತಿ, ಮತ್ತೆ ಕಾರ್ಡನ್ನು ಎಬ್ಬಿಸಿದರೆ ಮಾತ್ರ ಕಣ್ಣು ಬಿಡುತ್ತಿದ್ದಳು. ಈ ಉಪಚಾರವನ್ನು ಮಾವ ಬೇರೆ ಯಾರಿಗೂ ಬಿಡುತ್ತಿರಲಿಲ್ಲ.

ಫೋನ್ ಬಂತು. ಲ್ಯಾಬಿನ ಯಜಮಾನತಿ ಡಾಕ್ಟರಮ್ಮ. ಯಂತ್ರಗಳೆಲ್ಲ ನಿಂತಿವೆ ಎಂದರು. ಆಗಲೇ ಅವರ ದನಿಯಲ್ಲಿ ಯಾರನ್ನು ಬಯ್ಯಲಿ ಎಂಬ ಹುಡುಕಾಟವಿತ್ತು.

ಸೊಸೆ ಪರದೆಯ ಮೇಲೆ ಆಜ್ಞೆ ಟೈಪಿಸುವ ಕಪ್ಪು ಕಿಟಕಿ ತೆರೆದು ಸರ್ವರಿನೊಳಗೆ ಹೋಗಿ ಐಪಿ ಲಿಂಕ್ ಎಂದು ಟೈಪಿಸಿದಳು. ಕಾರ್ಡುಗಳ ಯೋಗಕ್ಷೇಮ ಕೇಳುವ ಆಜ್ಞೆ ಅದು. ಒಳಗಿನ ಕಾರ್ಡಿನ ಸಾಲಿನಲ್ಲಿ ಡೌನ್ ಎಂದಿತ್ತು. ಅಷ್ಟನ್ನೇ ಓದಿ, ಕೇಬಲ್ ಕಿತ್ತುಹೋಗಿದೆ ಎಂದು ಕೆಳಗೆ ಓಡುವವರು ಅರೆಬರೆ ಕಲಿತವರು. ಮಾವ ಅವಳಿಗೆ ಹಾಗೆ ಕಲಿಸಿರಲಿಲ್ಲ. ಅದೇ ಸಾಲಿನಲ್ಲಿ ಅದಕ್ಕೂ ಮೊದಲು, ಕೊಕ್ಕೆಯಂಥ ಎರಡು ಗುರುತುಗಳ ನಡುವೆ ಕೆಲವು ಪದಗಳಿರುತ್ತವೆ, ನಿಜ ಇರುವುದು ಅಲ್ಲಿ. ಕೇಬಲ್ ಕಿತ್ತಿದ್ದರೆ ಅಲ್ಲಿ ಅಪ್ ಎಂಬ ಪದ ಇದ್ದೇ ಇರುತ್ತದೆ, ಜೊತೆಗೆ ನೋ ಕ್ಯಾರಿಯರ್ ಎಂದೂ ಇರುತ್ತದೆ. ಅಂದರೆ ಕಾರ್ಡು, ನಾನು ಎದ್ದೇ ಕೂತಿದ್ದೇನೆ, ಆ ಕಡೆಯಿಂದ ಯಾರೂ ಓಗೊಡುತ್ತಿಲ್ಲ ಎನ್ನುತ್ತಿದೆ. ಅಪ್ ಎಂಬ ಪದವೇ ಇಲ್ಲದಿದ್ದರೆ ಕಾರ್ಡು ತಾನಾಗಿ ಬಿದ್ದದ್ದಲ್ಲ. ಯಾರೋ ಕೂತು, ಟೈಪಿಸಿ, ಮಲಗು ಎಂದು ಆಜ್ಞೆ ಕೊಟ್ಟಿದ್ದಾರೆ.

ಅಲ್ಲಿ ಅಪ್ ಇರಲಿಲ್ಲ. ಅವಳು ಎರಡು ಸಲ ಓದಿದಳು.

ಸರ್ವರಿಗೆ ಆಜ್ಞೆ ಕೊಡಲು ಪಾಸ್‌ವರ್ಡ್ ಬೇಕು, ಅದು ಗೊತ್ತಿದ್ದದ್ದು ಮಾವನಿಗೆ ಮತ್ತು ಅವಳಿಗೆ. ಇಬ್ಬರೂ ಒಂದೇ ಹೆಸರಿನಲ್ಲಿ ಒಳಗೆ ಹೋಗುತ್ತಿದ್ದರು. ಮನೆಯವರ ನಡುವೆ ಬೇರೆ ಬೇರೆ ಬೀಗ ಯಾಕೆ ಎಂಬುದು ಮಾವನ ವಾದ. ತಾನು ಮಾಡಿಲ್ಲ ಎಂಬುದು ಅವಳಿಗೆ ಗೊತ್ತು. ಉಳಿದದ್ದನ್ನು ಯೋಚಿಸಲು ಮನಸ್ಸು ಬರಲಿಲ್ಲ. ಕಾರ್ಡಿಗೆ ಏಳು ಎಂದು ಆಜ್ಞೆ ಕೊಟ್ಟಳು, ಅದು ಎದ್ದಿತು. ಕೆಳಗೆ ಯಂತ್ರಗಳು ಮಾತಾಡತೊಡಗಿದವು.

ಏನಾಗಿತ್ತು ಎಂದು ಡಾಕ್ಟರಮ್ಮ ಕೇಳಿದರು. ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಮಾವ ಒಳಗೆ ಬಂದ, ಏನು ಎಂದು ಸನ್ನೆಯಲ್ಲೇ ಕೇಳಿದ. ಒಳಗಿನ ಕಾರ್ಡು ಬಿದ್ದಿತ್ತು ಎಂದಷ್ಟೇ ಹೇಳಿದಳು. ಕೇಬಲ್ ಸಡಿಲವಾಗಿರಬೇಕು ಎಂದುಬಿಟ್ಟ ಮಾವ, ಗಟ್ಟಿಯಾಗಿ, ಫೋನಿಗೂ ಕೇಳುವಂತೆ. ಹಾಗೆನ್ನುವಾಗ ಅವನ ನೋಟ ಅವಳ ಮುಖದ ಮೇಲಿರಲಿಲ್ಲ, ಅವಳ ಕಿವಿಯ ಪಕ್ಕದ ಗೋಡೆಯ ಮೇಲಿತ್ತು.

ಕೊಕ್ಕೆಯೊಳಗಿನ ಪದ ಓದದೆ ಬಾಯಿಗೆ ಬಂದದ್ದು ಹೇಳಬಾರದು ಎಂದು ಕಲಿಸಿದವನೇ ಇವನು. ಆದರೂ ಅವಳು ಫೋನಿಗೆ ಹೂಂ ಎಂದಳು, ಕೇಬಲ್ ಇರಬಹುದು ಎಂದಳು. ಆ ಹೂಂ ಹೇಗೆ ಹೊರಬಿತ್ತೋ ಅವಳಿಗೇ ತಿಳಿಯಲಿಲ್ಲ. ಹೊರಬಿದ್ದ ಮೇಲೆ ಗೂಬೆ ಹೋಗಿ ಕೂತದ್ದು ವೈರಪ್ಪನ ತಲೆಯ ಮೇಲೆ.

ವೈರಪ್ಪ ಆ ಕಟ್ಟಡದ ಎಲೆಕ್ಟ್ರಿಷಿಯನ್. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಏನೋ ಇರಬೇಕು, ಕೇಳಿದವರಿಲ್ಲ. ಗೋಡೆಯೊಳಗೆ, ಚಾವಣಿಯ ಮೇಲೆ ಓಡುವ ಒಂದೊಂದು ತಂತಿಯನ್ನೂ ಎಳೆದವನು ಅವನೇ. ಜಗಳಗಂಟ. ಅವನು ಕಟ್ಟಿದ ಕೇಬಲ್ಲುಗಳ ಮೇಲೆ ಯಾರಾದರೂ ಚಾರ್ಜರಿನ ವೈರು ಅಡ್ಡ ಹಾಯಿಸಿದರೆ ಮೂರು ಮಹಡಿಗೂ ಕೇಳುವಂತೆ ಬಯ್ಯುತ್ತಿದ್ದ. ಸರ್ವರ್ ಕೋಣೆಯಲ್ಲಿ ಅವನ ಕೇಬಲ್ಲುಗಳು ಎಣ್ಣೆ ಹಚ್ಚಿ ಬಾಚಿದ ತಲೆಯಂತೆ ಒಂದರ ಪಕ್ಕ ಒಂದು ನೆಟ್ಟಗೆ ಕೂತಿದ್ದವು. ಅಂಥವನನ್ನು ಡಾಕ್ಟರಮ್ಮ ಎಲ್ಲರೆದುರು ಕರೆದು, ನಿಮ್ಮ ಕೇಬಲ್ ಸಡಿಲವಂತೆ ನೋಡಿ ಎಂದರು. ವೈರಪ್ಪ ಕೆಂಡವಾದ. ಕೆಂಡವಾದರೂ ಹೋಗಿ, ಕೇಬಲ್ಲಿನ ತುದಿ ಕತ್ತರಿಸಿ, ಹೊಸ ಪ್ಲಗ್ ಒತ್ತಿ ಹಾಕಿ ಬಂದ.

ಅನುಮಾನ ಎಂಬುದು ಸೊಸೆಯ ಮನೆತನದ ಆಸ್ತಿ. ಅವಳ ಅಮ್ಮ, ಬಾಗಿಲಿಗೆ ಬೀಗ ಹಾಕಿ ಬೀದಿಯ ತಿರುವಿನವರೆಗೆ ಹೋಗಿ, ಬೀಗ ಹಾಕಿದೆನೋ ಇಲ್ಲವೋ ಎಂದು ವಾಪಸು ಬಂದು ಜಗ್ಗಿ ನೋಡುವ ಪೈಕಿ. ಹಾಲಿನವನನ್ನೂ, ಹವಾಮಾನ ಹೇಳುವವರನ್ನೂ, ಸ್ವಂತ ತಂಗಿಯರನ್ನೂ ಸಮನಾಗಿ ಶಂಕಿಸಿದವಳು. ಅವಳು ಇಡೀ ಬದುಕಿನಲ್ಲಿ ಶಂಕಿಸದೆ ಬಿಟ್ಟದ್ದು ಒಬ್ಬನನ್ನೇ, ಈ ತಮ್ಮನನ್ನು. ಮಗಳೂ ಹಾಗೆಯೇ ಬೆಳೆದಳು. ಅಪ್ಪ ಹೋದ ಮೇಲೆ ಸೈಕಲ್ ಹಿಂದೆ ಕೂರಿಸಿಕೊಂಡು ಶಾಲೆಗೆ ಬಿಟ್ಟವನು ಮಾವ, ಈ ವಿದ್ಯೆ ಕಲಿಸಿದವನು ಮಾವ, ಈ ಕುರ್ಚಿಯಲ್ಲಿ ಕೂರಿಸಿದವನು ಮಾವ. ಜಗತ್ತೇ ಸುಳ್ಳು ಹೇಳಿದರೂ ಮಾವ ಹೇಳುವುದಿಲ್ಲ ಎಂಬ ಒಂದು ನೆಲ ಅವಳ ಕಾಲ ಕೆಳಗಿತ್ತು. ಈಗ ಅದೇ ಅಲುಗುತ್ತಿತ್ತು.

ಒಮ್ಮೆ ಅನುಮಾನ ಹೊಕ್ಕ ಕಣ್ಣಿಗೆ ಕಾಣಬಾರದ್ದೆಲ್ಲ ಕಾಣತೊಡಗುತ್ತದೆ. ಮಾವ ಈಗ ಯಾರೊಂದಿಗೂ ಮುಖಕ್ಕೆ ಮುಖ ಕೊಟ್ಟು ಮಾತಾಡುತ್ತಿರಲಿಲ್ಲ. ಮಾತಾಡುವಾಗ ನೋಟ ಒಂದು ಪಕ್ಕಕ್ಕೆ ಜಾರುತ್ತಿತ್ತು. ತಪ್ಪು ಮಾಡಿದವರ ನೋಟ ಇನ್ನು ಹೇಗಿರುತ್ತದೆ? ಅವಳು ಎದ್ದು ಅವನ ಮೇಜಿನ ಕಡೆ ಹೋದರೆ ಕೀಲಿಮಣೆಯ ಮೇಲೆ ಕೈ ಗಡಿಬಿಡಿಯಲ್ಲಿ ಓಡುತ್ತಿತ್ತು, ಪರದೆಯ ಮೇಲೆ ಏನೋ ಕುಗ್ಗಿ ಮಾಯವಾಗುತ್ತಿತ್ತು. ಫೋನ್ ಬಂದರೆ ಮೆಟ್ಟಿಲಿಗೆ ಹೋಗುತ್ತಿದ್ದ. ಒಮ್ಮೆ ಅವಳು ಬಾಗಿಲ ಮರೆಯಲ್ಲಿ ನಿಂತು ಕೇಳಿದಳು. ಇಲ್ಲಿ ಯಾರಿಗೂ ಗೊತ್ತಿಲ್ಲ, ಗೊತ್ತಾಗೋದೂ ಬೇಡ ಎನ್ನುತ್ತಿದ್ದ.

ಎರಡನೆಯ ಸಲ ಕಾರ್ಡು ಬಿದ್ದಾಗ ಅವಳು ಫೋನ್ ಎತ್ತುವ ಮೊದಲೇ ಐಪಿ ಲಿಂಕ್ ಹೊಡೆದು ನೋಡಿದಳು. ಕೊಕ್ಕೆಯೊಳಗೆ ಅಪ್ ಇರಲಿಲ್ಲ. ಎದುರು ಮೇಜಿನಲ್ಲಿ ಮಾವನ ಮುಖದ ರಕ್ತ ಇಳಿದುಹೋಗಿತ್ತು. ಅವನೇ ಏನೋ ಟೈಪಿಸಿದ, ಕಾರ್ಡು ಎದ್ದಿತು. ಆಮೇಲೆ ಅವನೇ ಫೋನ್ ಎತ್ತಿ, ಸರಿಹೋಯಿತು, ಆ ಕೇಬಲ್ಲಿಂದೇ ತೊಂದರೆ ಎಂದ.

ಅವಳಿಗೆ ಬಿಸಿ ತುಪ್ಪ ಬಾಯಿಗೆ ಬಿದ್ದಂತಾಯಿತು. ಹೇಳಿದರೆ ಮಾವನ ಕೆಲಸ ಹೋಗುತ್ತದೆ. ಹೇಳದಿದ್ದರೆ ವೈರಪ್ಪ ಬಯ್ಯಿಸಿಕೊಳ್ಳುತ್ತಾನೆ. ಬಯ್ಯಿಸಿಕೊಳ್ಳುವುದು ತಾನೇ, ಅವನಿಗೇನು ಬಯ್ಯುವುದೂ ಬಯ್ಯಿಸಿಕೊಳ್ಳುವುದೂ ಹೊಸದೇ ಎಂದು ಸಮಾಧಾನ ಮಾಡಿಕೊಂಡಳು. ಇಂಥ ಸಮಾಧಾನಗಳಿಗೆ ಏನೂ ಖರ್ಚಾಗುವುದಿಲ್ಲ, ಅದಕ್ಕೇ ಜನ ಧಾರಾಳವಾಗಿ ಮಾಡಿಕೊಳ್ಳುತ್ತಾರೆ.

ಈ ಸಲ ವೈರಪ್ಪ ಜಗಳವಾಡಲಿಲ್ಲ. ಇಡೀ ಕೇಬಲ್ಲನ್ನೇ ಬದಲಾಯಿಸಿದ. ಮತ್ತೆ ಬಿತ್ತು. ರಜೆಯ ದಿನ ಒಬ್ಬನೇ ಬಂದು, ಚಾವಣಿಯ ಹಲಗೆ ತೆಗೆದು, ಸರ್ವರಿನಿಂದ ಲ್ಯಾಬಿನವರೆಗೆ ಹೊಸ ದಾರಿಯಲ್ಲಿ ಹೊಸ ಕೇಬಲ್ ಎಳೆದ. ಆಮೇಲೂ ಬಿತ್ತು. ಇನ್ನೊಂದು ಸಲ ಹೀಗಾದರೆ ಬೇರೆ ಎಲೆಕ್ಟ್ರಿಷಿಯನ್ ನೋಡಿಕೊಳ್ಳುತ್ತೇನೆ ಎಂದು ಡಾಕ್ಟರಮ್ಮ ಎಲ್ಲರ ಮುಂದೆ ಹೇಳಿದರು.

ಅಂದಿನಿಂದ ವೈರಪ್ಪನ ದನಿ ಕಟ್ಟಡದಲ್ಲಿ ಕೇಳಿಸಲಿಲ್ಲ. ಒಂದು ದೀಪ ಹಾಕಿದರೂ ಸ್ವಿಚ್ಚನ್ನು ಎರಡು ಮೂರು ಸಲ ಒತ್ತಿ ನೋಡುತ್ತಿದ್ದ. ಒಮ್ಮೆ ಸೊಸೆ ಕೆಳಗಿಳಿದಾಗ ಅವನು ಸರ್ವರ್ ಕೋಣೆಯ ಬಾಗಿಲಲ್ಲಿ ಕೂತು ತನ್ನ ಎರಡೂ ಅಂಗೈಗಳನ್ನು ಬೆಳಕಿಗೆ ಹಿಡಿದುಕೊಂಡಿದ್ದ. ಅವಳನ್ನು ಕಂಡು ಕೈ ಮಡಚಿಕೊಂಡ. ನಿಮ್ಮ ಮಿಷನ್ ಏನಾದರೂ ಹೇಳುತ್ತದಾ ಮೇಡಂ, ಎಲ್ಲಿ ತಪ್ಪಾಗ್ತಿದೆ ಅಂತ, ಎಂದು ಕೇಳಿದ. ಅವಳು ನೋಡುತ್ತಿದ್ದೇವೆ ಎಂದು ಹೇಳಿ ಮೆಟ್ಟಿಲು ಹತ್ತಿದಳು. ಮಿಷನ್ ಮೊದಲ ದಿನವೇ ಹೇಳಿತ್ತು.

ಅವಳ ಅನುಮಾನಕ್ಕೆ ಕೈಕಾಲು ಬಂದದ್ದು ಒಂದು ಮಧ್ಯಾಹ್ನ. ಊಟದ ಬಿಡುವಿನಲ್ಲಿ ಮಾವ ಹೊರಟ. ಅವಳು ಹಿಂದೆ ಹೋದಳು. ಸೋದರಮಾವನ ಬೆನ್ನು ಹತ್ತಿ ಅಂಗಡಿಯಿಂದ ಅಂಗಡಿಗೆ ಮರೆಯಾಗುತ್ತ ನಡೆಯುವಾಗ ಅವಳಿಗೆ ತನ್ನ ಮೇಲೇ ಅಸಹ್ಯ ಬಂತು. ಆದರೂ ಕಾಲು ನಿಲ್ಲಲಿಲ್ಲ. ಮಾವ ರಸ್ತೆ ದಾಟುವಾಗ ಮುಗ್ಗರಿಸಿದ. ಅವಸರ ನೋಡು ಎಂದುಕೊಂಡಳು. ಎರಡು ಬೀದಿ ಆಚೆ, ಮೂಲೆಯ ಕಟ್ಟಡದೊಳಗೆ ಹೋದ. ಆ ಕಟ್ಟಡದ ಮುಂದೆ ದೊಡ್ಡ ಬೋರ್ಡು, ಎದುರಾಳಿ ಲ್ಯಾಬಿನದು.

ಇನ್ನೇನು ಬೇಕು? ಈ ಲ್ಯಾಬಿನ ಯಂತ್ರಗಳು ಪದೇ ಪದೇ ನಿಂತರೆ ಲಾಭ ಯಾರಿಗೆ? ಇಲ್ಲಿಂದ ಬೇಸತ್ತು ಎದ್ದ ರೋಗಿ ಹೋಗುವುದು ಎಲ್ಲಿಗೆ? ಮಾವ ಅಲ್ಲಿಗೆ ಸೇರಿಕೊಳ್ಳುತ್ತಿದ್ದಾನೆ, ಹೋಗುವ ಮೊದಲು ಇಲ್ಲಿನ ಹೆಸರು ಕೆಡಿಸುವ ಕೆಲಸ ಒಪ್ಪಿಕೊಂಡಿದ್ದಾನೆ. ಅವಳು ಫುಟ್‌ಪಾತಿನಲ್ಲಿ ನಿಂತು ಅತ್ತಳು. ಕಳ್ಳನಾದರೆ ಆಗಲಿ, ತನಗೊಂದು ಮಾತು ಹೇಳಬಾರದಿತ್ತೇ ಎಂಬುದೇ ಅವಳಿಗೆ ಹೆಚ್ಚು ಚುಚ್ಚಿತು.

ಮಾರನೆಯ ದಿನ ಬೆಳಿಗ್ಗೆ ಅವಳೊಂದು ಬಲೆ ಹೆಣೆದಳು. ಐಪಿ ಲಿಂಕನ್ನು ಬಿಡದೆ ಕೇಳುತ್ತಲೇ ಇರುವ, ಒಳಗಿನ ಕಾರ್ಡಿನ ಕೊಕ್ಕೆಯಿಂದ ಅಪ್ ಮಾಯವಾದ ಕ್ಷಣ ಟಿಣ್ ಎಂದು ಸದ್ದು ಮಾಡುವ ಪುಟ್ಟ ಪ್ರೋಗ್ರಾಂ. ಸದ್ದು ತನಗೆ ಮಾತ್ರ ಕೇಳಲೆಂದು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡಳು. ಹಾಡು ಕೇಳ್ತಿದ್ದೀಯಾ ಎಂದು ಮಾವ ನಗುತ್ತ ಕೇಳಿದ. ಹೂಂ ಎಂದಳು. ಇಬ್ಬರ ನಡುವೆ ಈಗ ಸುಳ್ಳು ಎರಡೂ ಕಡೆಯಿಂದ ಸರಾಗವಾಗಿ ಓಡಾಡುತ್ತಿತ್ತು.

ಊಟದ ನಂತರ ಮಾವ ಕೀಲಿಮಣೆಯ ಮೇಲೆ ಬಾಗಿದ. ಕಿವಿಯಲ್ಲಿ ಟಿಣ್ ಎಂದಿತು.

ಅವಳು ಹೆಡ್‌ಫೋನ್ ಕಿತ್ತಿಟ್ಟು, ಚಪ್ಪಲಿ ಬಿಟ್ಟು, ಬರಿಗಾಲಲ್ಲಿ ಮೇಜು ಬಳಸಿ ಅವನ ಬೆನ್ನ ಹಿಂದೆ ಹೋಗಿ ನಿಂತಳು. ಕಳ್ಳನನ್ನು ಕೈಯಾರೆ ಹಿಡಿಯುವ ಕ್ಷಣ ಇದೇ ಎಂದುಕೊಂಡಳು. ಪರದೆಯ ಮೇಲೆ ಎರಡು ಕಪ್ಪು ಕಿಟಕಿ, ಅಕ್ಕಪಕ್ಕ. ಒಂದು ಸರ್ವರಿನದು, ಇನ್ನೊಂದು ಅಜ್ಜಿಯದು. ಯಾವುದು ಯಾವುದೆಂದು ತಿಳಿಯಲಿ ಎಂದು ಪ್ರತಿ ಸಾಲಿನ ಮೊದಲಿಗೆ ಯಂತ್ರದ ಹೆಸರಿರುತ್ತದೆ. ಸರ್ವರಿನ ಕಿಟಕಿಯಲ್ಲಿ ಈಗಷ್ಟೇ ಕೊಟ್ಟ ಆಜ್ಞೆ ಇನ್ನೂ ಹಸಿಯಾಗಿತ್ತು. ಮಾವನ ಮೂಗು ಪರದೆಗೆ ತಾಗುವಷ್ಟು ಹತ್ತಿರವಿತ್ತು. ಕೋಳಿ ಕಾಳು ನೋಡುವ ಹಾಗೆ ಕತ್ತು ಓರೆ ಮಾಡಿ, ಬೆರಳಿನಿಂದ ಗಾಜಿನ ಮೇಲೆ ಸಾಲು ಹುಡುಕುತ್ತಿದ್ದ. ಬೆರಳು ಸಾಲಿಗಿಂತ ಒಂದು ಗೇಣು ಆಚೆ ಇತ್ತು.

ಅವಳು ಬೈಯಲೆಂದು ಬಂದಿದ್ದಳು. ಬಾಯಿಗೆ ಬಂದದ್ದು ಬೇರೆ.

"ಮಾವ, ಅದು ಅಜ್ಜಿದಲ್ಲ. ಸರ್ವರಿಂದು."

ಮಾವ ಬೆಚ್ಚಿ ಹಿಂದಕ್ಕೆ ಸರಿದ. "ಎಡಗಡೆ ಇರೋದು ಅಜ್ಜಿದಲ್ವಾ?"

"ಅಲ್ಲ. ಮುಂದೆ ಹೆಸರು ಬರೆದಿದೆಯಲ್ಲ."

"ಎಲ್ಲಿ?" ಎಂದ ಮಾವ.

ಆ ಒಂದು ಮಾತಿಗೆ ಅವಳು ಇಷ್ಟು ದಿನ ಕಷ್ಟಪಟ್ಟು ಕಟ್ಟಿದ್ದ ಕಳ್ಳ ಕುಸಿದುಬಿದ್ದ. ಅವಳು ಮೊದಲು ಕಾರ್ಡನ್ನು ಎಬ್ಬಿಸಿದಳು, ಆಮೇಲೆ ಕುರ್ಚಿ ಎಳೆದುಕೊಂಡು ಅವನ ಪಕ್ಕ ಕೂತಳು. ಮಾವ ನಿಧಾನವಾಗಿ ಎಲ್ಲ ಹೇಳಿದ. ಎರಡೂ ಕಣ್ಣಿನ ನಡುಭಾಗ ಸವೆದುಹೋಗುತ್ತಿದೆಯಂತೆ. ನೇರ ನೋಡಿದರೆ ನಟ್ಟನಡುವೆ ಒಂದು ಬೂದಿ ಬಣ್ಣದ ಮಚ್ಚೆ, ಅದರೊಳಗೆ ಅಕ್ಷರವೂ ಮುಖವೂ ಕರಗಿಹೋಗುತ್ತವೆ. ಪಕ್ಕಕ್ಕೆ ನೋಡಿದರೆ ಅಂಚಿನಲ್ಲಿ ಅಷ್ಟಿಷ್ಟು ಸಿಗುತ್ತದೆ. ಅದಕ್ಕೇ ಅವಳ ಮುಖ ಕಾಣಲೆಂದು ಅವಳ ಕಿವಿಯ ಪಕ್ಕದ ಗೋಡೆ ನೋಡುತ್ತಿದ್ದ. ಮೆಟ್ಟಿಲ ಮೇಲಿನ ಫೋನು ಕಣ್ಣಿನ ಡಾಕ್ಟರದ್ದು. ಅವರ ಕ್ಲಿನಿಕ್ಕು ಎರಡು ಬೀದಿ ಆಚೆ, ಎದುರಾಳಿ ಲ್ಯಾಬಿನ ಮೇಲಿನ ಮಹಡಿಯಲ್ಲಿ.

ಒಬ್ಬನೇ ಇದ್ದಾಗ ಅಕ್ಷರಗಳನ್ನು ಅಂಗೈಯಗಲ ಮಾಡಿಕೊಂಡು ಹೇಗೋ ಕೆಲಸ ತೂಗಿಸುತ್ತಿದ್ದನಂತೆ. ಅವಳು ಹತ್ತಿರ ಸುಳಿದರೆ ಗೊತ್ತಾಗಬಾರದೆಂದು ಗಡಿಬಿಡಿಯಲ್ಲಿ ಸಣ್ಣ ಮಾಡುತ್ತಿದ್ದ. ಸಣ್ಣ ಮಾಡಿದ ಮೇಲೆ ಯಾವ ಕಿಟಕಿ ಯಾವುದು ಎಂಬುದು ಬರಿಯ ಅಂದಾಜು. ಅಜ್ಜಿಯನ್ನು ಕೆಡವಲು ಹೋಗಿ ಸರ್ವರನ್ನು ಕೆಡವುತ್ತಿದ್ದ. ಈಚೆಗೆ ಅವಳು ತನ್ನ ಸುತ್ತಲೇ ಓಡಾಡುವುದು ಹೆಚ್ಚಾಗಿತ್ತಲ್ಲ, ಕಾರ್ಡು ಬೀಳುವುದೂ ಹೆಚ್ಚಾಯಿತು.

"ಮೊದಲನೇ ಸಲ ಕೇಬಲ್ ಅಂತಾನೇ ಅಂದ್ಕೊಂಡೆ ಪುಟ್ಟಿ," ಎಂದ ಮಾವ. "ಎರಡನೇ ಸಲ ನಂದೇ ಅಂತ ಗೊತ್ತಾಯ್ತು. ಗೊತ್ತಾದ್ಮೇಲೆ ಹೇಳೋಕೆ ಬಾಯಿ ಬರ್ಲಿಲ್ಲ. ಈ ಕೆಲಸ ಹೋದ್ರೆ ಮನೇಲಿ ಕೂತು ಏನ್ ಮಾಡ್ಲಿ, ಗೋಡೆ ನೋಡೋದಕ್ಕೂ ಆಗಲ್ಲ ನಂಗೆ."

ಅವಳು ಅವನ ಕೈ ಹಿಡಿದುಕೊಂಡು ಅತ್ತಳು. ದುಃಖಕ್ಕಿಂತ ಅದರಲ್ಲಿ ನೆಮ್ಮದಿಯೇ ಜಾಸ್ತಿ ಇತ್ತು ಎಂದು ಹೇಳಲೇಬೇಕು. ಮಾವ ಕಳ್ಳನಲ್ಲ. ಕಾಲ ಕೆಳಗಿನ ನೆಲ ಅಲ್ಲೇ ಇತ್ತು. ಹೊಟ್ಟೆಯೊಳಗಿದ್ದ ಕಲ್ಲು ಇಳಿದು ಎಷ್ಟು ಹಗುರಾದಳೆಂದರೆ, ಅಲ್ಲಿಯೇ ಮುಂದಿನ ಏರ್ಪಾಡನ್ನೂ ಮಾಡಿಬಿಟ್ಟಳು. ಅಜ್ಜಿಯ ಉಪಚಾರ ಇನ್ನು ತನ್ನದು. ಸರ್ವರಿನ ಕಿಟಕಿ ಮಾವ ತೆರೆಯುವುದೇ ಬೇಡ. ಓದುವುದೆಲ್ಲ ಅವಳು ಓದಿ ಹೇಳುತ್ತಾಳೆ, ಬುದ್ಧಿ ಮಾವ ಹೇಳಲಿ. ಅಮ್ಮನಿಗೂ ಹೇಳುವುದು ಬೇಡ, ಡಾಕ್ಟರಮ್ಮನಿಗಂತೂ ಬೇಡವೇ ಬೇಡ. ಕಾರ್ಡು ಇನ್ನು ಬೀಳುವುದಿಲ್ಲ, ಬೀಳದಿದ್ದರೆ ಯಾರೂ ಕೇಳುವುದಿಲ್ಲ. ಮಾವ ಕಣ್ಣೊರೆಸಿಕೊಂಡು ನಕ್ಕ, ಅವಳೂ ನಕ್ಕಳು. ಚಹಾ ತರಿಸೋಣವೇ ಎಂದ.

ಕಾರ್ಡು ಅಂದೂ ಬಿದ್ದಿತ್ತಲ್ಲ, ಕೆಳಗೆ ಯಂತ್ರಗಳು ಅಂದೂ ಒಂದಷ್ಟು ಹೊತ್ತು ನಿಂತಿದ್ದವಲ್ಲ ಎಂಬುದು ಇಬ್ಬರಿಗೂ ನೆನಪಾಗಲಿಲ್ಲ. ಡಾಕ್ಟರಮ್ಮ ಈ ಸಲ ಮೇಲಕ್ಕೆ ಫೋನ್ ಮಾಡಿರಲಿಲ್ಲ. ಯಾರ ತಪ್ಪು ಎಂಬುದು ಅವರ ಮಟ್ಟಿಗೆ ತೀರ್ಮಾನವಾಗಿತ್ತು, ಮೇಲೆ ಕೇಳುವುದೇನೂ ಉಳಿದಿರಲಿಲ್ಲ.

ಸಂಜೆ ಇನ್ನೇನು ಮನೆಗೆ ಹೊರಡಬೇಕು, ವೈರಪ್ಪ ಬಾಗಿಲಲ್ಲಿ ಬಂದು ನಿಂತ. ಹೆಗಲಲ್ಲಿ ಸಾಮಾನಿನ ಚೀಲ. ಒಳಗೆ ಬರಲೇ ಎಂದು ಕೇಳಿದ, ಹಾಗೆ ಕೇಳಿ ಬಂದವನೇ ಅಲ್ಲ ಅವನು. ನಾಳೆಯಿಂದ ಬರುವುದು ಬೇಡವೆಂದು ಡಾಕ್ಟರಮ್ಮ ಹೇಳಿದ್ದನ್ನು ಬೇರೆ ಯಾರದೋ ಸಮಾಚಾರದಂತೆ ಹೇಳಿದ. ಜಗಳಕ್ಕೆ ಬಂದಿರಬೇಕು ಎಂದು ಸೊಸೆ ಮೈ ಬಿಗಿ ಮಾಡಿಕೊಂಡಳು. ವೈರಪ್ಪ ಜೇಬಿಗೆ ಕೈಹಾಕಿ ಕತ್ತರಿಸಿದ ಕೇಬಲ್ ತುದಿಗಳನ್ನು ತೆಗೆದು ಅವಳ ಮೇಜಿನ ಮೇಲೆ ಒಂದೊಂದಾಗಿ ಇಟ್ಟ. ಅವನು ಹಾಕಿದ ಪ್ಲಗ್ಗುಗಳು, ಆಮೇಲೆ ಅವನೇ ತಪ್ಪೆಂದು ಕತ್ತರಿಸಿದವು.

"ಒಂದು ಸಲ ನೋಡಿ ಹೇಳಿ ಮೇಡಂ," ಎಂದ. "ಎಲ್ಲಿ ತಪ್ಪು ಮಾಡಿದೀನಿ ಅಂತ. ಕೆಲಸ ಹೋಯ್ತು ಬಿಡಿ, ಬೇರೆ ಕಡೆ ಸಿಗುತ್ತೆ. ಆದ್ರೆ ನನ್ನ ಕೈಗೆ ಏನಾಗಿದೆ ಅಂತ ಗೊತ್ತಾಗ್ದೆ ಇನ್ನೊಬ್ಬರ ಮನೆ ಕರೆಂಟ್ ಮುಟ್ಟೋಕೆ ನಂಗೆ ಭಯ ಆಗ್ತಿದೆ."

ಅವಳು ಒಂದು ತುದಿಯನ್ನು ಕೈಗೆತ್ತಿಕೊಂಡಳು. ಎಂಟು ಬಣ್ಣದ ಎಳೆಗಳೂ ಒಂದೇ ಅಳತೆಗೆ ಕತ್ತರಿಸಿ ನೆಟ್ಟಗೆ ಕೂತಿದ್ದವು. ಅದರಲ್ಲಿ ತಪ್ಪು ಹುಡುಕಲು ಸಾಧ್ಯವಿರಲಿಲ್ಲ. ಅವಳು ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು, ನೋಡುತ್ತಲೇ ಇದ್ದಳು. ಈಗಲಾದರೂ ಹೇಳಬೇಕು ಎಂದು ಗೊತ್ತಿತ್ತು. ನಾಲಿಗೆ ಏಳಲಿಲ್ಲ.

ಎದ್ದದ್ದು ಮಾವ. ಮೇಜಿನ ಅಂಚು ಹಿಡಿದುಕೊಂಡು ಎದ್ದು, ವೈರಪ್ಪನ ದನಿ ಬಂದ ಕಡೆಗೆ ಮುಖ ಮಾಡಿದ.

"ವೈರಪ್ಪ, ನಿನ್ನ ಕೈಯಲ್ಲಿ ಏನೂ ತಪ್ಪಿಲ್ಲಪ್ಪ. ಕಾರ್ಡನ್ನ ಬೀಳಿಸ್ತಿದ್ದದ್ದು ನಾನು. ನಂಗೆ ಕಣ್ಣು ಹೋಗ್ತಿದೆ. ಅಕ್ಷರ ಕಾಣಲ್ಲ. ಯಾವುದಕ್ಕೋ ಒತ್ತೋದನ್ನ ಯಾವುದಕ್ಕೋ ಒತ್ತಿದೀನಿ. ನಂದು ಅಂತ ಗೊತ್ತಾದ್ಮೇಲೂ ಕೇಬಲ್ ಅಂತ ಹೇಳ್ದೆ. ನಡಿ, ಡಾಕ್ಟರಮ್ಮನ ಹತ್ರ ಹೇಳ್ತೀನಿ."

ವೈರಪ್ಪ ಮಾವನ ಮುಖ ನೋಡಿದ. ಬಯ್ಯುತ್ತಾನೆ ಎಂದುಕೊಂಡಳು ಸೊಸೆ. ಬಯ್ಯಲಿ ಎಂದು ಒಳಗೊಳಗೇ ಬೇಡಿಕೊಂಡಳು. ಅವನು ತನ್ನ ಬಲಗೈಯ ಬೆರಳುಗಳನ್ನು ಒಮ್ಮೆ ಮಡಚಿ ಬಿಚ್ಚಿದ, ಅಷ್ಟೆ. ಆಮೇಲೆ ಅವಳ ಕಡೆ ತಿರುಗಿದ.

"ನಿಮಗೂ ಗೊತ್ತಿರ್ಲಿಲ್ವಾ ಮೇಡಂ?"

ಇಲ್ಲ ಎನ್ನಬಹುದಿತ್ತು. ಮಾವ ಕೂಡ ಅದನ್ನೇ ನಂಬಿದ್ದ, ಅವಳಿಗೆ ಇವತ್ತೇ ತಿಳಿದದ್ದು ಎಂದು. ಅವಳೂ ಮಧ್ಯಾಹ್ನದಿಂದ ಹೆಚ್ಚುಕಡಿಮೆ ಹಾಗೆಯೇ ನಂಬಿಕೊಂಡಿದ್ದಳು.

"ಯಾರು ಅಂತ ಗೊತ್ತಿರ್ಲಿಲ್ಲ," ಎಂದಳು. "ಕೇಬಲ್ ಅಲ್ಲ ಅಂತ ಗೊತ್ತಿತ್ತು. ಮೊದಲನೇ ದಿನಾನೇ."

ಮಾವನ ತಲೆ ಸರಕ್ಕನೆ ಅವಳ ಕಡೆ ತಿರುಗಿತು. ವೈರಪ್ಪ ಮೇಜಿನ ಮೇಲಿನ ತುದಿಗಳನ್ನು ಒಂದೊಂದಾಗಿ ಆರಿಸಿ ಜೇಬಿಗೆ ಹಾಕಿಕೊಂಡ. ಅವಳ ಕೈಯಲ್ಲಿದ್ದದ್ದಕ್ಕೂ ಅಂಗೈ ಚಾಚಿದ. ಅವಳು ಕೊಟ್ಟಳು.

"ಸಾರ್‌ಗೆ ಕಣ್ಣು ಕಾಣ್ತಿರ್ಲಿಲ್ಲ," ಎಂದ ವೈರಪ್ಪ, ಅವನ ದನಿಯಲ್ಲಿ ಸಿಟ್ಟೇ ಇರಲಿಲ್ಲ. "ನಿಮಗೆ ಕಾಣ್ತಿತ್ತಲ್ಲಮ್ಮ."

ಮಾವ ಬಾಗಿಲಿನ ಕಡೆ ಹೆಜ್ಜೆ ಇಟ್ಟ, ಕುರ್ಚಿಯ ಕಾಲಿಗೆ ಎಡವಿದ. ಅವಳು ಹಿಡಿಯಲೆಂದು ಎದ್ದಳು. ಅಷ್ಟರಲ್ಲಿ ವೈರಪ್ಪ ಅವನ ತೋಳು ಹಿಡಿದುಕೊಂಡಿದ್ದ. ಇಲ್ಲಿಂದ ಮೆಟ್ಟಿಲು, ನಿಧಾನ ಎಂದ. ಇಬ್ಬರೂ ಒಂದೊಂದೇ ಮೆಟ್ಟಿಲಿಳಿದು ಹೋದರು. ಅವಳನ್ನು ಬಾ ಎಂದು ಇಬ್ಬರಲ್ಲಿ ಯಾರೂ ಕರೆಯಲಿಲ್ಲ.